ತೆರೆಯದ ನಕ್ಷೆ, ತೆರೆದ ಕಿಟಕಿ

ಅತ್ತಿಗೆಗೆ ಬೇಕಾಗಿದ್ದದ್ದು ಒಂದು ಕಿಟಕಿ. ಅರಮನೆಯಲ್ಲ, ಒಡವೆಯಲ್ಲ. ಪಾತ್ರೆ ತೊಳೆಯುವಾಗ ತಲೆಯೆತ್ತಿದರೆ ಒಂದಿಷ್ಟು ಆಕಾಶ ಕಾಣುವಂಥ ಕಿಟಕಿ. (ಮೈದುನ ಕೂಗಿ ಕೂಗಿ ಅಕ್ಕಪಕ್ಕದವರಿಗೂ ಆಕೆ ಅತ್ತಿಗೆಯೇ ಆಗಿಬಿಟ್ಟಿದ್ದಳು, ನಾವೂ ಹಾಗೆಯೇ ಕರೆಯೋಣ.) ಮದುವೆಯಾದಾಗಿನಿಂದ ಬಾಡಿಗೆ ಮನೆಗಳ ಕತ್ತಲೆ ಅಡುಗೆಮನೆಗಳಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ಬೇಯಿಸಿದವಳು, ಸ್ವಂತ ಮನೆ ಕಟ್ಟುವ ಮಾತು ಬಂದ ದಿನವೇ ದೇವರ ಮುಂದೆ ಕೈಮುಗಿದು ಇದೊಂದನ್ನು ಕೇಳಿಕೊಂಡಿದ್ದಳು. ದೇವರು ಇಲ್ಲವೆನ್ನಲಿಲ್ಲ. ಇಲ್ಲವೆಂದವರು ಯಜಮಾನರು.

“ಆ ಗೋಡೆ ತುಂಬಾ ಕಪಾಟು ಬರತ್ತೆ ಕಣೇ. ಕಿಟಕಿ ಇಟ್ರೆ ನಿನ್ನ ಡಬ್ಬಗಳನ್ನೆಲ್ಲ ನನ್ನ ತಲೆ ಮೇಲೆ ಇಡ್ತೀಯಾ?”

“ಇಡಬಹುದು ರೀ. ಅಲ್ಲಿ ಜಾಗ ಖಾಲಿಯಾಗೇ ಇದೆ.”

ಬೋಳುತಲೆಯ ಮಾತು ಬಂದಲ್ಲಿಗೆ ಸಂಧಾನ ಮುರಿದುಬಿತ್ತು. ಅತ್ತಿಗೆ ಗುಟ್ಟಾಗಿ ಮೈದುನನಿಗೆ ಫೋನ್ ಮಾಡಿದಳು. ಬೇರೆ ಊರಿನಲ್ಲಿ ಮನೆಗಳ ನಕ್ಷೆ ಬರೆಯುವುದೇ ಅವನ ಕಸುಬು. ಅಣ್ಣನ ಮನೆಯ ನಕ್ಷೆಯೂ ಅವನದೇ.

“ಅತ್ತಿಗೆ, ನಿಮ್ಮ ಕಿಟಕೀನ ಬೇರೆ ಪದರದಲ್ಲಿ ಬರ್ದಿಡ್ತೀನಿ,” ಎಂದ ಅವನು. “ಕಂಪ್ಯೂಟರಲ್ಲಿ ನಕ್ಷೆ ಅಂದ್ರೆ ಒಂದರ ಮೇಲೊಂದು ಗಾಜು ಜೋಡಿಸಿದ ಹಾಗೆ. ಆಫ್ ಮಾಡಿದ ಪದರ ಯಾರ ಕಣ್ಣಿಗೂ ಬೀಳಲ್ಲ. ಅಣ್ಣ ಒಪ್ಪಿದ ದಿನ ಆನ್ ಮಾಡಿದ್ರಾಯ್ತು. ಅವನಿಗೆ ಹೇಳಲ್ಲ, ದೇವರಾಣೆ!”

“ಇಂಥದ್ದಕ್ಕೆಲ್ಲ ದೇವರನ್ನ ಎಳೀಬೇಡ ಕಣೋ. ಹೇಳದೆ ಇದ್ರೆ ಸಾಕು.”

ಕೆಲ ದಿನಗಳಲ್ಲಿ ನಕ್ಷೆ ಯಜಮಾನರ ಫೋನಿಗೆ ಬಂದಿಳಿಯಿತು. ಆದರೆ ತೆರೆಯಲಿಲ್ಲ. ಡಿಡಬ್ಲ್ಯುಜಿ ಎಂಬ ಬಾಲವಿದ್ದ ಆ ಫೈಲನ್ನು ಅವರು ಮೆಲ್ಲಗೆ ಒತ್ತಿದರು, ಜೋರಾಗಿ ಒತ್ತಿದರು, ಕನ್ನಡಕ ಒರೆಸಿಕೊಂಡು ಒತ್ತಿದರು. ಕೊನೆಗೆ ಮಹಾ ಜ್ಞಾನೋದಯವಾದವರಂತೆ ಆ ಬಾಲ ಅಳಿಸಿ, ಆ ಜಾಗದಲ್ಲಿ ಪಿಡಿಎಫ್ ಎಂದು ಬರೆದರು.

“ಈಗ ತೆರೆಯತ್ತೆ ನೋಡು.”

“ನಿಮ್ಮ ಹೆಸರಿನ ಮುಂದೆ ಡಾಕ್ಟರ್ ಅಂತ ಬರ್ದ್ರೆ ಇಂಜೆಕ್ಷನ್ ಕೊಡ್ತೀರೇನ್ರೀ?”

ಮೇಸ್ತ್ರಿಯ ಫೋನಿನಲ್ಲೂ ಅದೇ ಹಣೆಬರಹ. ಅವನು ಫೋಟೋ ಕೇಳಿದ. ಮೈದುನ ಫೋಟೋ ಕಳಿಸಿದ. ಅದರಲ್ಲಿ ಅಳತೆಗಳು ಇರುವೆ ಸಾಲಿನಂತೆ ಕಂಡವು. “ಅಕ್ಕಾ, ಇದು ಮೂರೋ ಎಂಟೋ? ಇದು ಬಚ್ಚಲೋ ಬಾಗಿಲೋ?” ಇತ್ತ ಬಡಗಿಗೆ ಅವನ ಕತ್ತರಿಸುವ ಯಂತ್ರಕ್ಕೆಂದು ಡಿಎಕ್ಸ್‌ಎಫ್ ಎಂಬ ಇನ್ನೊಂದೇ ಅವತಾರ ಬೇಕಂತೆ. ಯಾರು ಏನು ಕೇಳಿದರೂ ಯಜಮಾನರದ್ದು ಒಂದೇ ಉತ್ತರ: “ನಮ್ಮವಳನ್ನ ಕೇಳಿ.” ಅತ್ತಿಗೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು, ಮನೆ ಕಟ್ಟುವುದಕ್ಕೆ ಇಟ್ಟಿಗೆ ಸಾಕೆಂದುಕೊಂಡಿದ್ದ ತನ್ನ ಮೌಢ್ಯಕ್ಕೆ ಮರುಗಿದಳು.

ಅಷ್ಟರಲ್ಲಿ ಮೈದುನ ಸಿಗ್ನಲ್ಲೇ ಸಿಗದ ಯಾವುದೋ ಬೆಟ್ಟದ ಮೇಲೆ ಜಾಗ ಅಳೆಯಲು ಹೋದ. ಮೇಸ್ತ್ರಿ ಗುಡುಗಿದ: “ನಾಳೆ ಕಾಗದದ ಮೇಲೆ ನಕ್ಷೆ ಬರಲಿಲ್ಲ ಅಂದ್ರೆ ಆಳುಗಳನ್ನ ಬೇರೆ ಕಡೆ ಕರ್ಕೊಂಡು ಹೋಗ್ತೀನಕ್ಕಾ.”

ಅತ್ತಿಗೆ ಸೆರಗು ಸಿಕ್ಕಿಸಿ ಕೂತಳು. ಹುಡುಕಿ ಹುಡುಕಿ, ಯಾವ ಫೈಲನ್ನಾದರೂ ಪುಕ್ಕಟೆಯಾಗಿ ಪಿಡಿಎಫ್ ಮಾಡಿಕೊಡುವ ಒಂದು ವೆಬ್‌ಸೈಟ್ ಪತ್ತೆಹಚ್ಚಿದಳು. ಮೈದುನ ಕಳಿಸಿದ ಮೂಲ ಫೈಲನ್ನು ಅದರ ಬಾಯಿಗೆ ಹಾಕಿದಳು. ನಕ್ಷೆ ಬಂತು! ಮಾತ್ರವಲ್ಲ, ಅಡುಗೆಮನೆಯ ಗೋಡೆಯಲ್ಲಿ ಕಿಟಕಿ! ಅಂದರೆ ಮೈದುನ ಅಣ್ಣನನ್ನು ಒಪ್ಪಿಸಿಬಿಟ್ಟಿದ್ದಾನೆ. ಆಕೆಯ ಕಣ್ಣು ತುಂಬಿ ಬಂತು. (ಕಣ್ಣು ತುಂಬಿದ ಮೇಲೆ ಉಳಿದ ಗೆರೆಗಳು ಕಾಣುವುದಾದರೂ ಹೇಗೆ?) ಮೇಸ್ತ್ರಿಗೂ ಬಡಗಿಗೂ ಯಜಮಾನರಿಗೂ ಒಟ್ಟಿಗೆ ಕಳಿಸಿದಳು.

ಯಜಮಾನರು ಫೋನು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಂಡತಿಯ ಮುಖವನ್ನೂ ಒಮ್ಮೆ ನೋಡಿದರು. “ಚೆನ್ನಾಗಿದೆ,” ಎಂದಷ್ಟೇ ಹೇಳಿ, ತಾವಾಗಿಯೇ ಎದ್ದು ತೊಳೆದ ಪಾತ್ರೆಗಳನ್ನು ಒರೆಸಿಟ್ಟರು. ಅತ್ತಿಗೆಗೆ ಇನ್ನೇನು ಬೇಕು? ಅತ್ತೆಯ ಕಣ್ಣಿನ ಆಪರೇಷನ್ ಎಂದು ಕಟ್ಟಡದ ಕಡೆ ಇಬ್ಬರೂ ತಲೆಹಾಕಲಾಗದ ಆ ದಿನಗಳಲ್ಲಿ, ಹೊಸದಾಗಿ ಮದುವೆಯಾದವರೂ ನಾಚುವಂತೆ ಇಬ್ಬರೂ ಹೊಂದಿಕೊಂಡಿದ್ದರು.

ಕೊನೆಗೊಂದು ಬೆಳಿಗ್ಗೆ ಇಬ್ಬರೂ ಹೋದರು. ಛಾವಣಿಯೂ ಹಾಕಿ ಆಗಿತ್ತು. ಅತ್ತಿಗೆ ನೇರ ಅಡುಗೆಮನೆಗೆ ಓಡಿ, ಕಿಟಕಿಯಲ್ಲಿ ತಲೆ ತೂರಿಸಿದಳು. ಆಕಾಶವಿರಲಿಲ್ಲ. ನಾಲ್ಕು ಹೊಸ ಗೋಡೆಗಳ ನಡುವೆ, ಕುರ್ಚಿ ಎಲ್ಲಿ ಹಾಕಲಿ ಎಂದು ಗೇಣು ಹಾಕುತ್ತ ಯಜಮಾನರು ನಿಂತಿದ್ದರು.

“ರೀ! ನೀವೇನ್ ಮಾಡ್ತಿದೀರ ಅಲ್ಲಿ?”

“ನನ್ನ ಓದೋ ಕೋಣೆ ಕಣೇ ಇದು. ನಿನ್ನ ತಲೆ ಯಾಕೆ ಗೋಡೇಲಿ ಬಂತು?”

“ಓದೋ ಕೋಣೆಯಾ? ನಾನು ಬಟ್ಟೆ ಒಣಹಾಕೋಕೆ ಅಂತ ಬಿಡಿಸಿದ್ದ ಹಿತ್ತಿಲನ್ನ ನುಂಗಿಬಿಟ್ರಾ!”

“ಹೇಳಿದ್ರೆ ನೀನು ಬಿಡ್ತಿದ್ಯಾ? ಅದಕ್ಕೇ ತಮ್ಮಂಗೆ ಗುಟ್ಟಾಗಿ ಹೇಳಿದ್ದೆ. ನೀನೇ ಕಳಿಸಿದ ನಕ್ಷೇಲಿ ಕೋಣೆ ಕಂಡಾಗ, ನೀನೂ ಒಪ್ಪಿದೀಯ ಅಂದ್ಕೊಂಡೆ.”

ಅಲ್ಲಿಂದಲೇ ಮೈದುನನಿಗೆ ಫೋನು ಹೋಯಿತು. “ಅಣ್ಣ ನಿಮಗೆ ಹೇಳ್ಬೇಡ ಅಂದ, ನೀವು ಅಣ್ಣಂಗೆ ಹೇಳ್ಬೇಡ ಅಂದ್ರಿ. ನಾನು ಮಾತಿಗೆ ತಪ್ಪೋನಲ್ಲ ಅತ್ತಿಗೆ! ಎರಡು ಪದರಾನೂ ಆಫ್ ಮಾಡೇ ಕಳಿಸಿದ್ದೆ. ಪುಕ್ಕಟೆ ವೆಬ್‌ಸೈಟಿಗೆ ಹಾಕಿದ್ರೆ ಇದ್ದಬದ್ದ ಪದರ ಎಲ್ಲ ಎದ್ದು ಕೂರತ್ತೆ. ಅದಕ್ಕೆ ಹಾಕಿದ್ಯಾರು?”

ಯಜಮಾನರು ಕಿಟಕಿಯಾಚೆಯಿಂದ ಹೆಂಡತಿಯನ್ನು ನೋಡಿದರು. ಅತ್ತಿಗೆ ಇಟ್ಟಿಗೆಗಳನ್ನು ನೋಡಿದಳು.

“ನನಗೇನೂ ಅನುಮಾನ ಬರಲಿಲ್ಲಕ್ಕಾ,” ಎಂದ ಅಲ್ಲೇ ನಿಂತಿದ್ದ ಮೇಸ್ತ್ರಿ. “ಕಿಟಕಿ ಅದರ ಪಾಡಿಗಿತ್ತು, ಕೋಣೆ ಅದರ ಪಾಡಿಗಿತ್ತು. ಈಗ ಆ ಗೋಡೆ ಮುಟ್ಟಿದ್ರೆ ಛಾವಣಿ ನಮ್ಮ ತಲೆ ಮೇಲೇ!”

ಹೀಗೆ ಅತ್ತಿಗೆಗೆ ಕಿಟಕಿಯಂತೂ ಸಿಕ್ಕಿತು. ಪಾತ್ರೆ ತೊಳೆಯುತ್ತ ತಲೆಯೆತ್ತಿದರೆ ಯಜಮಾನರ ನುಣ್ಣನೆಯ ತಲೆ ಹೊಳೆಯುತ್ತದೆ. ಮೊದಲೆಲ್ಲ ಕಾಫಿ ಬೇಕಾದರೆ ಅವರು ಎದ್ದು ಬರಬೇಕಿತ್ತು. ಸೋಮಾರಿತನದಿಂದ ಎಷ್ಟೋ ಸಲ ಬರುತ್ತಿರಲಿಲ್ಲ. ಈಗ ಲೋಟ ಹಿಡಿದ ಕೈಯೊಂದು ಒಳಗೆ ಬಂದರೆ ಮುಗಿಯಿತು. ಮೊನ್ನೆ ಆರನೆಯ ಲೋಟ ಬಂದಾಗ ಅತ್ತಿಗೆಯ ತಾಳ್ಮೆ ಕಟ್ಟೆಯೊಡೆಯಿತು. ರಪ್ಪನೆ ಕಿಟಕಿ ಮುಚ್ಚಿದಳು. ಆಚೆಯಿಂದ ಯಜಮಾನರು ಬಡಿಯತೊಡಗಿದರು.

“ಏಯ್, ಮುಚ್ಬೇಡ ಕಣೇ! ತೆಗಿ! ಕೋಣೆಗೆ ಕಿಟಕಿ ಕೇಳೋದು ಮರೆತುಬಿಟ್ಟಿದ್ದೆ. ನನಗೆ ಗಾಳಿ ಬೆಳಕು ಬರೋದೇ ನಿನ್ನ ಅಡುಗೆಮನೆಯಿಂದ!”