ಬಾಣಂತಿಯ ಬಟ್ಟೆಬೇಟೆ

ಕೆಲವರು ಕಾಲಿಟ್ಟಲ್ಲೆಲ್ಲ ಅದೃಷ್ಟ ಖುಲಾಯಿಸುತ್ತದಂತೆ. ನಾನು ಬಟ್ಟೆ ಅಂಗಡಿಗೆ ಕಾಲಿಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮಗಳು ಹುಟ್ಟಿದ ಮೇಲಂತೂ ಅಂಗಡಿಯವರೆಗೆ ಹೋಗಬೇಕೆಂದೂ ಇಲ್ಲ, ಬಟ್ಟೆ ಎಂದು ಬಾಯಿಬಿಟ್ಟರೆ ಸಾಕು. ನಾನು ಮೈಸೂರಿನವಳು. ಮನೆ ಆಸ್ಟ್ರೇಲಿಯಾದ ಸದರ್ನ್ ರಿವರ್‌ನಲ್ಲಿ, ಕೆಲಸ ಪರ್ತ್ ಸಿಟಿಯಲ್ಲಿ, ಸೇತುವೆಗಳ ವಿನ್ಯಾಸ ಮಾಡುವುದು. ಎಷ್ಟು ಟನ್ ಭಾರ ಯಾವ ಕಂಬದ ಮೇಲೆ ಬೀಳಬೇಕು ಎಂದು ಹೇಳಬಲ್ಲ ನನಗೆ ಒಂದು ರವಿಕೆಯ ಹುಕ್ಕು ಎಲ್ಲಿರಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ.

೧. ಹುಕ್ಕು ಹಿಂದೆ

ಅಮ್ಮನಿಗೆ ವೀಸಾ ಸಿಕ್ಕಿ ಇಲ್ಲಿಗೆ ಬರುವ ಹೊತ್ತಿಗೆ ಮಗಳಿಗೆ ಮೂರು ತಿಂಗಳಾಗಿತ್ತು. ಹಾಗಾಗಿ ನಾಮಕರಣವೂ ಆಗಲೇ ಆಯಿತು. ಬಾಣಂತಿಯೆಂದು ಎಷ್ಟು ದಿನ ಗಂಡನ ಹಳೇ ಟೀ ಶರ್ಟಿನಲ್ಲಿ ಕಳೆಯುವುದು? ಅಂದು ಹಟ ಹಿಡಿದು ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟೆ. ಅದರ ರವಿಕೆ ಫ್ಯಾಷನ್ನಿನದು. ಬೆನ್ನಿನುದ್ದಕ್ಕೂ ಹುಕ್ಕು, ಅದರ ಮೇಲೊಂದು ದಾರ, ದಾರದ ತುದಿಗೆ ಗೊಂಚಲು. ಹೊಲಿಸುವಾಗ ಮುಂದೊಂದು ದಿನ ಇದೇ ರವಿಕೆಯಲ್ಲಿ ಯಾರಿಗೋ ಹಸಿವಾಗಬಹುದೆಂದು ಯಾರೂ ಹೇಳಿರಲಿಲ್ಲ.

ಅಕ್ಕಿಯಲ್ಲಿ ಹೆಸರು ಬರೆದು ಕಿವಿಯಲ್ಲಿ ಉಸುರಿದ್ದೇ ತಡ, ಮಗಳು ಕಿಟಾರನೆ ಕಿರುಚಿದಳು. ಅವಳನ್ನೆತ್ತಿಕೊಂಡು ರೂಮಿಗೆ ಓಡಿದೆ. ಪಿನ್ನು ಕೀಳಲು ಒಬ್ಬ ಗೆಳತಿ, ಸೆರಗು ಹಿಡಿಯಲು ಇನ್ನೊಬ್ಬಳು, ಬೆನ್ನ ಹಿಂದೆ ಹುಕ್ಕು ಬಿಚ್ಚಲು ಕನ್ನಡಕ ಹಾಕಿಕೊಂಡ ಅಮ್ಮ. ಮಗಳು ಕುಡಿದು ಮುಗಿಸಿ, ನಾವು ಮತ್ತೆ ಹುಕ್ಕು, ದಾರ, ಪಿನ್ನು ಎಲ್ಲ ಸರಿಮಾಡಿಕೊಂಡು ಹೊರಗೆ ಬಂದಾಗ ಜನ ಹೋಳಿಗೆ ಊಟ ಮುಗಿಸಿ ಕಾರಿನ ಕೀ ಹುಡುಕುತ್ತಿದ್ದರು.

ಮರುದಿನ ವಾಟ್ಸಾಪಿನಲ್ಲಿ ಗ್ರೂಪ್ ಫೋಟೋ ಬಂತು. ಎಲ್ಲರೂ ಹಲ್ಲು ಕಿರಿದು ನಿಂತಿದ್ದಾರೆ, ನಡುವೆ ಹೂವಿನಿಂದ ಸಿಂಗರಿಸಿದ ತೊಟ್ಟಿಲು. ಕೂಸೂ ಇಲ್ಲ, ಕೂಸಿನ ಅಮ್ಮನೂ ಇಲ್ಲ. ಅದನ್ನು ನೋಡಿ ಅತ್ತುಬಿಟ್ಟೆ. ಅಷ್ಟರಲ್ಲಿ ಅಡಿಲೇಡ್‌ನಲ್ಲಿರುವ ಮೈದುನನ ಮೆಸೇಜು ಬಂತು.

"ಫೋಟೋ ಸೂಪರ್ ಅತ್ತಿಗೆ. ತೊಟ್ಟಿಲಿಗೆ ಏನ್ ಹೆಸರಿಟ್ರಿ?"

೨. ಜಿರಾಫೆ ಚಿತ್ರದ್ದು

ಇದೇ ಮೈದುನನ ಮದುವೆ ಮೂರು ತಿಂಗಳಲ್ಲಿ ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ನಡೆಯುವುದಿತ್ತು. ಇರುವುದೊಬ್ಬಳೇ ಅತ್ತಿಗೆ. ಈ ಸಲ ಏನೇ ಆದರೂ ಫೋಟೋದಲ್ಲಿ ನಾನಿರಬೇಕು, ಮಗಳಿಗೆ ಹಸಿವಾದರೆ ನಿಂತಲ್ಲೇ ಹಾಲು ಕೊಡುವಂತಿರಬೇಕು, ನೋಡಲು ಲಕ್ಷಣವಾಗಿಯೂ ಕಾಣಬೇಕು ಎಂದು ಶಪಥ ಮಾಡಿದೆ. ಅಂಥ ಬಟ್ಟೆ ಹುಡುಕಿಕೊಂಡು ಮಗಳನ್ನು ಎದೆಗೆ ಕಟ್ಟಿಕೊಂಡು ಸಿಟಿಗೆ ಹೋದೆ.

ಅಂಗಡಿಯ ಹುಡುಗಿಗೆ ಇಂಗ್ಲಿಷಿನಲ್ಲಿ ಫೀಡಿಂಗ್ ಡ್ರೆಸ್ ಬೇಕು ಎಂದೆ. ಮೈಸೂರಿನಲ್ಲಿ ಹಾಗೆಂದರೆ ಅಂಗಡಿಯವನು ಕಣ್ಣುಮುಚ್ಚಿ ಹತ್ತು ತೆಗೆದು ಎಸೆಯುತ್ತಾನೆ. ಇವಳು ಖುಷಿಯಿಂದ ಕರೆದುಕೊಂಡು ಹೋಗಿ, ಮಕ್ಕಳು ಊಟ ಮಾಡುವಾಗ ಕತ್ತಿಗೆ ಕಟ್ಟುವ ಬಿಬ್ಬುಗಳ ಮುಂದೆ ನಿಲ್ಲಿಸಿದಳು. ಜಿರಾಫೆ ಚಿತ್ರದ್ದು ಬಹಳ ಖರ್ಚಾಗುತ್ತದೆ ಎಂದಳು. ಅಲ್ಲ, ಇದು ನನಗೆ ಎಂದು ನನ್ನ ಎದೆ ಮುಟ್ಟಿ ತೋರಿಸಿದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ದೊಡ್ಡವರ ಸೈಜು ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು.

ಕೊನೆಗೆ ವಿಷಯ ಅರ್ಥವಾಗಿ ಸರಿಯಾದ ಸಾಲಿಗೆ ಕರೆದೊಯ್ದಳು. ಬೆಲೆ ನೋಡಿದರೆ ಹಾಲು ಕೊಡುವ ಕೆಲಸವನ್ನೂ ಆ ಡ್ರೆಸ್ಸೇ ಮಾಡುತ್ತದೇನೋ ಅನ್ನಿಸಿತು. ಡಿಸ್ಕೌಂಟಿನ ಮೂಲೆಯಲ್ಲಿ ಮಾತ್ರ ಒಂದಿತ್ತು. ಎದೆಯ ಮೇಲೆ ಅಡ್ಡಡ್ಡ ಮಡಚಿ ಸೊಂಟಕ್ಕೆ ದಾರ ಕಟ್ಟುವ ಡ್ರೆಸ್ಸು, ಸಾಸಿವೆ ಬಣ್ಣ, ಅಡ್ಡ ಪಟ್ಟೆ. ಅಡ್ಡ ಪಟ್ಟೆ ಹಾಕಿಕೊಳ್ಳುವಷ್ಟು ತೆಳ್ಳಗೆ ನಾನಾಗ ಇರಲಿಲ್ಲ. ಆದರೂ ಹಾಲು ಕೊಡಲು ಅನುಕೂಲವೇ ನೋಡೋಣವೆಂದು ಟ್ರಯಲ್ ರೂಮಿಗೆ ಹೋದೆ.

ಅನುಕೂಲವೇನೋ ಚೆನ್ನಾಗಿಯೇ ಇತ್ತು. ಎಷ್ಟು ಚೆನ್ನಾಗಿತ್ತೆಂದರೆ ಮಗಳು ಕುಡಿಯುತ್ತ ಕುಡಿಯುತ್ತ ನಿದ್ದೆ ಹೋದಳು. ನಾನು ಎದ್ದರೆ ಅವಳೂ ಏಳುತ್ತಾಳೆ. ಹೊರಗೆ ಕ್ಯೂ ಬೆಳೆಯಿತು. ಹುಡುಗಿ ಎರಡು ಸಲ ಬಾಗಿಲು ತಟ್ಟಿ ಒಳಗೆಲ್ಲ ಕ್ಷೇಮವೇ ಎಂದು ಕೇಳಿದಳು. ಮುಕ್ಕಾಲು ಗಂಟೆಯಾದ ಮೇಲೆ ಮಗಳು ತಾನಾಗಿಯೇ ಎದ್ದು, ಮುಗುಳ್ನಕ್ಕು, ಡ್ರೆಸ್ಸಿನ ಎಡಭಾಗದ ಮೇಲೆ ಧಾರಾಳವಾಗಿ ಕಕ್ಕಿದಳು. ವ್ಯಾಪಾರ ಮುಗಿಯಿತು.

ಮನೆಯಲ್ಲಿ ಗಂಡ ಆ ಡ್ರೆಸ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನು ಯಾರು ಆರಿಸಿದ್ದು ಎಂದು ಕೇಳಿದ. ನಿನ್ನ ಮಗಳು ಎಂದೆ. "ಚೆನ್ನಾಗಿದೆ" ಎಂದ.

೩. ಹೇಳಲು ಮರೆತದ್ದು

ಅಮ್ಮ ನನಗಾಗಿ ಮೈಸೂರಿನಿಂದ ಆರು ಫೀಡಿಂಗ್ ನೈಟಿ ತಂದಿದ್ದಳು. ಎರಡೂ ಪಕ್ಕ ಜಿಪ್ಪು, ಮೈತುಂಬ ಕುಂಬಳಕಾಯಿ ಗಾತ್ರದ ಹೂವು. ಅನುಕೂಲಕ್ಕೆ ಎರಡು ಮಾತಿಲ್ಲ, ಆದರೆ ಮದುವೆಗೆ ನೈಟಿ ಹಾಕಿಕೊಂಡು ಹೋಗಲಾಗುತ್ತದೆಯೇ? ಅಮ್ಮನೂ ಮನೆಯಲ್ಲಿ ಅದನ್ನೇ ಹಾಕುತ್ತಿದ್ದಳು. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗುವಾಗ, ಮರ್ಯಾದೆ ಇರಲಿ ಎಂದು ಹೆಗಲ ಮೇಲೊಂದು ಟವೆಲ್ ಎಳೆದುಕೊಳ್ಳುತ್ತಿದ್ದಳು.

ಪಕ್ಕದ ಮನೆಯಲ್ಲಿ ರಿಟೈರಾದ ಆಸ್ಟ್ರೇಲಿಯನ್ ನರ್ಸ್ ಒಬ್ಬರಿದ್ದಾರೆ. ಬೇಲಿಯಾಚೆಯಿಂದ ಅಮ್ಮನ ನೈಟಿ ನೋಡಿ ಎಂಥ ಸೊಗಸಾದ ಡ್ರೆಸ್ಸು, ಎಲ್ಲಿ ಸಿಗುತ್ತದೆ ಎಂದರು. ತನ್ನ ಬಟ್ಟೆಯನ್ನು ಯಾರಾದರೂ ಹೊಗಳಿದರೆ ಅಮ್ಮ ಸುಮ್ಮನಿರುವ ಹೆಂಗಸಲ್ಲ. ನನ್ನ ಪಾಲಿನ ಹೊಸ ನೈಟಿಯೊಂದನ್ನು ಕುಂಕುಮ, ಬಾಳೆಹಣ್ಣು ಸಮೇತ ಅವರಿಗೆ ಕೊಟ್ಟುಬಂದಳು. ಇದು ಮಲಗುವಾಗ ಹಾಕುವುದು ಎಂದು ಹೇಳಿದೆಯಾ ಎಂದೆ. ಕೊಟ್ಟ ಮೇಲೆ ಷರತ್ತು ಹಾಕಬಾರದು ಎಂದಳು.

ಮುಂದಿನ ಭಾನುವಾರ ನಮ್ಮ ಕನ್ನಡ ಗೆಳೆಯರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ಈ ಆರ್ವೋ ಬಾರ್ಬಿ ಇದೆ, ನೀವೂ ಬನ್ನಿ ಎಂದು, ಅಂದರೆ ಮಧ್ಯಾಹ್ನ ಬಾರ್ಬೆಕ್ಯೂ ಇದೆ ಎಂದು ಇಲ್ಲಿಯವರ ಮಾತಿನಲ್ಲೇ, ನನ್ನ ಗಂಡ ಆ ನರ್ಸಮ್ಮನನ್ನೂ ಕರೆದಿದ್ದ. ಅವರು ಬಂದರು. ನೈಟಿ, ಅದರ ಮೇಲೆ ಮುತ್ತಿನ ಸರ, ತಲೆಗೆ ಅಗಲವಾದ ಹ್ಯಾಟು, ಕೈಯಲ್ಲಿ ಸಲಾಡಿನ ಬೋಗುಣಿ. ಗಂಡಸರೆಲ್ಲ ಒಮ್ಮೆಲೇ ಒಲೆಯ ಕಡೆ ತಿರುಗಿ ಇದ್ದಿಲನ್ನು ಪರೀಕ್ಷಿಸತೊಡಗಿದರು. ಹೆಂಗಸರಲ್ಲಿ ಒಬ್ಬಳಿಗೆ ಬಿಕ್ಕಳಿಕೆ ಹತ್ತಿತು. ನಾನು ಅಮ್ಮನನ್ನು ದುರುಗುಟ್ಟಿ ನೋಡಿದೆ. ಅಮ್ಮನಿಗೂ ತಪ್ಪಿನ ಅರಿವಾಗಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಹೌದು ಕಣೇ, ಮೇಲೊಂದು ಟವೆಲ್ ಹಾಕ್ಕೋಬೇಕು ಅಂತ ಹೇಳೋದೇ ಮರ್ತ್‌ಬಿಟ್ಟೆ."

೪. ಮುಂದೆ ಎಂದರೆ ಮುಂದೆ

ವೀಸಾ ಮುಗಿದು ಅಮ್ಮ ಊರಿಗೆ ಹೋದಳು. ಮದುವೆ ಹತ್ತಿರ ಬಂತು. ಬ್ರಿಸ್ಬೇನ್‌ನಲ್ಲಿ ಒಬ್ಬ ಕನ್ನಡದ ಆಂಟಿ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಾರೆ, ಕೈಗೆಟುಕುವ ರೇಟು ಎಂದು ಯಾರೋ ನಂಬರ್ ಕೊಟ್ಟರು. ನನ್ನ ಹತ್ತಿರ ನೀಲಿ ರೇಷ್ಮೆ ಸೀರೆಯೊಂದಿತ್ತು. ಅದನ್ನು ಅಳತೆಯೊಂದಿಗೆ ಪೋಸ್ಟ್ ಮಾಡಿ, ಉದ್ದನೆಯ ಗೌನ್ ಹೊಲಿಯಲು ಹೇಳಿದೆ. ಜಿಪ್ಪು ಎದೆಯ ಮೇಲೆ ಬರಬೇಕು ಎಂದು ಬರೆಯಬೇಕಿತ್ತು. ಗುರುತು ಪರಿಚಯವಿಲ್ಲದ ಹಿರಿಯರಿಗೆ ಎದೆ ಗಿದೆ ಎಂದು ಬರೆಯಲು ನಾಚಿಕೆಯಾಯಿತು. ಆರು ತಿಂಗಳಿಂದ ಕಂಡಕಂಡಲ್ಲಿ ಹಾಲು ಕೊಡುವವಳಿಗೆ ಒಂದು ಪದ ಬರೆಯಲು ನಾಚಿಕೆ. "ಬಾಣಂತಿ ಮೈ ಆಂಟಿ, ಸ್ವಲ್ಪ ಸಡಿಲ ಇರ್ಲಿ. ಜಿಪ್ ಮುಂದೆ ಹಾಕಿ" ಎಂದು ಬರೆದೆ. ಆಂಟಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಗೌನ್ ನೇರವಾಗಿ ಸ್ಯಾಲಿಸ್‌ಬರಿಗೆ, ಮೈದುನನ ಮನೆಗೇ ಬಂತು. ಮದುವೆಯ ಹಿಂದಿನ ದಿನ ಬೆಳಿಗ್ಗೆ ವಿಮಾನ ಇಳಿದು ಹೋದವಳೇ ಪಾರ್ಸೆಲ್ ಬಿಚ್ಚಿದೆ. ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆಂದದ ಹೊಲಿಗೆ. ಜಿಪ್ಪು ಹುಡುಕಿದೆ. ಮುಂದಿಲ್ಲ, ಹಿಂದಿಲ್ಲ, ಪಕ್ಕದಲ್ಲೂ ಇಲ್ಲ. ಕುತ್ತಿಗೆಯಿಂದ ಕಾಲಿನವರೆಗೆ ಎಲ್ಲೂ ಒಂದು ಕಿಂಡಿಯಿಲ್ಲ. ಆಂಟಿಗೆ ಫೋನ್ ಮಾಡಿದೆ.

"ಜಿಪ್ಪೇ ಇಲ್ವಲ್ಲ ಆಂಟಿ."

"ನೀನೇ ಹೇಳಿದ್ದಲ್ವೇನಮ್ಮ, ಮುಂದೆ ಹಾಕಿ ಅಂತ? ಈಗ ತಲೆ ಮೇಲಿಂದ ಹಾಕ್ಕೋ, ಸಡಿಲ ಇಟ್ಟಿದೀನಿ. ಬಾಣಂತಿ ಮೈ ಇಳೀಲಿ, ಮಗು ಹಾಲು ಬಿಡ್ಲಿ, ಮುಂದೆ ಜಿಪ್ ಹಾಕ್ಕೊಡ್ತೀನಿ. ನಂಗೇನು ಅರ್ಜೆಂಟಿಲ್ಲ."

ತಪ್ಪು ಅವರದ್ದಲ್ಲ, ಕನ್ನಡದ್ದೂ ಅಲ್ಲ, ನನ್ನದೇ. ಹೀಗಲ್ಲ ಆಂಟಿ ಎಂದು ವಿವರಿಸಿದೆ. ಅವರು ಬಹಳ ನೊಂದುಕೊಂಡರು. ಕೊನೆಗೆ ಸಮಾಧಾನ ಹೇಳಿದರು: "ಹೋಗ್ಲಿ ಬಿಡು, ಹಿಂದೆ ಆದದ್ದು ಆಯ್ತು. ಮುಂದೆ ಹೀಗಾಗಲ್ಲ."

೫. ಹಸಿರು ಬಟ್ಟೆಯವರು

ಮದುವೆಗೆ ಒಂದೇ ದಿನ. ಸಾಸಿವೆ ಬಣ್ಣದ ಪಟ್ಟೆ ಡ್ರೆಸ್ಸನ್ನು ಇನ್ನು ಬೇಡವೆಂದು ಪರ್ತ್‌ನಲ್ಲೇ ಬಿಟ್ಟು ಬಂದಿದ್ದೆ. ಮದುವೆಗೆಂದು ಮೈಸೂರಿನಿಂದ ಬಂದಿದ್ದ ಅತ್ತೆಯ ರವಿಕೆಗಳಿಗೇನೋ ಮುಂದೆಯೇ ಹುಕ್ಕು. ಆದರೆ ಅತ್ತೆ ಕಡ್ಡಿಯಂತೆ ಸಣ್ಣಗಿದ್ದಾರೆ. ಅವರ ರವಿಕೆಯಲ್ಲಿ ನನ್ನ ಒಂದು ತೋಳು ಮಾತ್ರ ಆರಾಮವಾಗಿತ್ತು. ಮಂಚದ ಮೇಲೆ ಕುಳಿತು ಅಳಲು ಶುರುಮಾಡಿದೆ. ನಾಳೆಯೂ ನಾನು ಯಾವುದೋ ರೂಮಿನಲ್ಲೇ ಇರುತ್ತೇನೆ, ಮಗಳು ದೊಡ್ಡವಳಾಗಿ ಆಲ್ಬಂ ನೋಡಿದರೆ ನಮ್ಮಮ್ಮ ಎಲ್ಲಿದ್ದಳು ಎಂದು ಕೇಳುತ್ತಾಳೆ ಎಂದೆ. ಗಂಡ ಎದ್ದು ಹೋಗಿ, ಇಸ್ತ್ರಿ ಮಾಡಿಟ್ಟಿದ್ದ ತನ್ನ ಜುಬ್ಬಾ ತಂದ.

ಆ ಜುಬ್ಬಾದ ಕತೆ ಹೇಳಬೇಕು. ಈಗಿನ ಮದುವೆಗಳಲ್ಲಿ ಮನೆಯವರೆಲ್ಲ ಒಂದೇ ಬಣ್ಣ ತೊಡುವುದು ರೂಢಿಯಲ್ಲವೇ? ಅತ್ತೆಯೂ ವರನ ಕಡೆಯ ಐದು ಜನ ಗಂಡಸರಿಗೆ ಒಂದೇ ತಾನಿನ ಎಲೆಹಸಿರು ರೇಷ್ಮೆಯಲ್ಲಿ ಜುಬ್ಬಾ ಹೊಲಿಸಿ, ಜರಿ ಅಂಚಿನ ಶಲ್ಯ ಸಮೇತ ತಂದಿದ್ದರು. ಕೊರಳಿನಿಂದ ಹೊಟ್ಟೆಯವರೆಗೆ ಗುಂಡಿ.

"ನೀನು ಹಾಕ್ಕೋ" ಎಂದ ಗಂಡ. "ನನ್ನ ಯಾರು ನೋಡ್ತಾರೆ?"

ಹಾಕಿಕೊಂಡು ಕನ್ನಡಿ ನೋಡಿದೆ. ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಕೆಳಗೆ, ಇರಲಿ ಎಂದು ಪೆಟ್ಟಿಗೆಯಲ್ಲಿ ಹಾಕಿ ತಂದಿದ್ದ ನನ್ನ ಮದುವೆಯ ಸೀರೆಯನ್ನೇ ಲಂಗದಂತೆ ಸುತ್ತಿಕೊಂಡೆ. ಆರು ತಿಂಗಳಲ್ಲಿ ಮೊದಲ ಸಲ ಕನ್ನಡಿಯಲ್ಲಿ ಕಂಡವಳು ನನಗೆ ಇಷ್ಟವಾದಳು. ಅತ್ತೆ ಏನೆನ್ನುತ್ತಾರೋ ಎಂದು ಹೆದರಿಕೆಯಿತ್ತು. ಅವರು ಎರಡು ಸುತ್ತು ಬಂದು ನೋಡಿ, ಶಲ್ಯವನ್ನು ತಾವೇ ಮಡಚಿ ನನ್ನ ಹೆಗಲಿಗೆ ಹಾಕಿ, ಇದರ ಮರೆಯಲ್ಲಿ ಹಾಲು ಕೊಡು, ಯಾರಿಗೂ ಗೊತ್ತಾಗಲ್ಲ ಎಂದರು.

ಮದುವೆಯ ದಿನ ಮಗಳಿಗೆ ಹಸಿವಾದದ್ದು ಸರಿಯಾಗಿ ಧಾರೆಯ ಹೊತ್ತಿಗೆ. ಎರಡು ಗುಂಡಿ ಬಿಚ್ಚಿ ಶಲ್ಯ ಎಳೆದುಕೊಂಡೆ. ನಿಂತಲ್ಲಿಂದ ಅಲ್ಲಾಡಲಿಲ್ಲ. ತಾಳಿ ಕಟ್ಟುವುದನ್ನು ಕಣ್ಣಾರೆ ಕಂಡೆ. ಅಷ್ಟಾಗುವಾಗ ಫೋಟೋಗ್ರಾಫರ್ ಕೂಗಿದ. ಇಲ್ಲಿಯವನೇ, ಎರಡಾಳೆತ್ತರದ ಬಿಳಿಯ. ವರನ ಅಣ್ಣತಮ್ಮಂದಿರ ಫೋಟೋ, ಹಸಿರು ಬಟ್ಟೆಯವರು ಮಾತ್ರ ವೇದಿಕೆಗೆ ಬನ್ನಿ ಎಂದ. ನಾನು ಅಲ್ಲೇ ಮೆಟ್ಟಿಲ ಹತ್ತಿರ ನಿಂತಿದ್ದೆ. ಹಸಿರು ಕಂಡದ್ದೇ ನನ್ನನ್ನು ಮುಂದಿನ ಸಾಲಿನ ಮಧ್ಯಕ್ಕೆ ನಿಲ್ಲಿಸಿದ. ಬಿಳಿ ಆಫೀಸ್ ಶರ್ಟಿನಲ್ಲಿದ್ದ ನನ್ನ ಗಂಡ, ನಾನು ವರನ ಸ್ವಂತ ಅಣ್ಣ ಎನ್ನುತ್ತ ಮೇಲೆ ಹತ್ತಿದ. ಫೋಟೋಗ್ರಾಫರ್ ಬಹಳ ಪ್ರೀತಿಯಿಂದ ಅವನ ಭುಜ ಹಿಡಿದು ಕೆಳಗಿಳಿಸಿ, ಮುಂದಿನ ಫೋಟೋ ನಿನ್ನದೇ ಎಂದು ಭರವಸೆ ಕೊಟ್ಟ. ಆ ಮುಂದಿನ ಫೋಟೋ ಬರುವ ಮೊದಲೇ ಊಟಕ್ಕೆ ಕರೆದರು. ಗಂಡ ಅಷ್ಟೂ ಹೊತ್ತು ಮಗಳ ಡಯಾಪರ್ ಚೀಲ ಹಿಡಿದು ಕ್ಯಾಮೆರಾದ ಹಿಂದೆ ನಿಂತಿದ್ದ.

ಮರುದಿನ ಎಲ್ಲರೂ ಕಾಫಿ ಕುಡಿಯುತ್ತಿರುವಾಗ ಫೋಟೋ ಬಂತು. ನಾಲ್ವರು ಗಂಡಸರು, ವರ, ನಡುವೆ ನಾನು. ನನ್ನ ಮುಖದಲ್ಲಿ ಎಂಥ ಕಳೆ ಅಂತೀರಿ. ಶಲ್ಯದ ಕೆಳಗಿನಿಂದ ಒಂದು ಪುಟ್ಟ ಪಾದ ಮಾತ್ರ ಹೊರಗೆ ಬಂದಿತ್ತು. ಗಂಡ ಫೋನನ್ನು ಅತ್ತೆಯ ಕೈಗೆ ಕೊಟ್ಟು, ನೋಡಮ್ಮ, ನನ್ನ ಸ್ವಂತ ತಮ್ಮನ ಮದುವೆ, ನಾನೇ ಇಲ್ಲ ಎಂದು ದೂರು ಹೇಳಿದ. ಅತ್ತೆ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಫೋಟೋ ಅಗಲ ಮಾಡಿ, ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಚಿತ್ರದ ಮೇಲೆ ಬೆರಳು ನಿಲ್ಲಿಸಿದರು.

"ನೀನಿಲ್ದಿದ್ರೆ ಏನಾಯ್ತೋ, ನಿನ್ನ ಜುಬ್ಬಾ ಇದ್ಯಲ್ಲ" ಎಂದರು. "ಅದ್ಕೂ ಇವಳು ಹಾಕ್ಕೊಂಡ ಮೇಲೇನೇ ಒಂದು ಕಳೆ ಬಂದಿದ್ದು."