ಚತುಸ್ತಂಭ ಯಂತ್ರದ ಚಹಾ ದಿಗ್ವಿಜಯ

ಎಲೈ ವಾಗ್ದೇವಿ, ವೀಣೆಯನ್ನು ಗೋಡೆಗೆ ಒರಗಿಸಿ ಇತ್ತ ಕಿವಿಗೊಡು. ಕೃತ, ತ್ರೇತ, ದ್ವಾಪರಗಳು ಸಂದು, ಕಲಿಯುಗದ ಒಂದು ಬುಧವಾರ ಮುಂಜಾನೆ ಹನ್ನೊಂದಕ್ಕೆ, ಗದಗ ಸೀಮೆಯ ಒಂದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ, ಲೋಹಮರ್ದನನೂ, ವೆಲ್ಡಿಂಗ್‌ಜ್ವಾಲಾರಕ್ತನೇತ್ರನೂ, ದಿನಕ್ಕೆ ಆರು ಗ್ಲಾಸು ಚಹಾಪಾನಧುರಂಧರನೂ ಆದ ಫಿಟ್ಟರ್ ಮೌನೇಶಪ್ಪ ಬಡಿಗೇರನು ಗೈದ ಮಹಾಪ್ರತಿಜ್ಞೆಯನ್ನು ಹೇಳುತ್ತೇನೆ. ನಗುವವರು ಈಗಲೇ ಆಚೆ ಹೋಗಿ ನಕ್ಕು ಬನ್ನಿ. ನಡುವೆ ಯಾರಾದರೂ ಕಿಸಕ್ಕೆಂದರೆ ಕಥೆ ಅಲ್ಲಿಗೇ ನಿಲ್ಲಿಸುತ್ತೇನೆ.

ಆ ರಣರಂಗದಲ್ಲಿ ಗಾಲಿಗಳ ಮೇಲೆ ನಾಲ್ಕು ಉಕ್ಕಿನ ಕಂಬಗಳು ನಿಂತಿದ್ದವು. ಒಂದೊಂದರ ತುದಿಗೂ ರಾಟೆ, ಬುಡಕ್ಕೆ ಮೋಟಾರು. ನಾಲ್ಕೂ ರಾಟೆಗಳಿಂದ ಇಳಿದ ತಂತಿಹಗ್ಗಗಳ ನಡುವೆ ಒಂದು ತಟ್ಟೆ ತೂಗುತ್ತಿತ್ತು. ಮೋಟಾರುಗಳು ಹಗ್ಗ ಎಳೆದೂ ಸಡಿಲಿಸಿಯೂ ತಟ್ಟೆಯನ್ನು ಬೇಕಾದಲ್ಲಿಗೆ ಹಾರಿಸಬೇಕು. ಕೆಲಸ ಬದಲಾದರೆ ಕಂಬಗಳನ್ನು ದೂಡಿ, ಹೊಸ ಅಳತೆಯನ್ನು ಕಂಪ್ಯೂಟರಿಗೆ ಹೇಳಿದರಾಯಿತು. ಇದು ಗಣಿತಗಾಂಡೀವಧಾರಿಣಿ ಲೆಕ್ಚರರ್ ತಬಸ್ಸುಮ್ ನದಾಫ್ ಅವರ ಸೃಷ್ಟಿ.

"ಕಂಬಕ್ಕ ಗಾಲಿ ಹಚ್ಚತಾರೇನ್ರೀ ಮೇಡಂ?" ಮೌನೇಶಪ್ಪ ಗರ್ಜಿಸಿದನು. "ಕಂಬ ಅಂದ್ರ ನೆಲದಾಗ ಹುಗದಿರಬೇಕು. ಇದೇನು ಐಸ್‌ಕ್ಯಾಂಡಿ ಗಾಡೀನ?"

"ಮೌನೇಶಣ್ಣಾ, ಇವತ್ತು ಚಾ ಒಯ್ಯತೈತಿ, ನಾಳೆ ಗ್ವಾಡಿಗೆ ಬಣ್ಣ ಹೊಡೀತೈತಿ. ಕೆಲಸಕ್ಕೊಮ್ಮೆ ಕಂಬ ಹುಗಕೋತ ಹೋದ್ರ ವರ್ಕ್‌ಶಾಪು ಮದವಿ ಹಂದರ ಆಗತೈತಿ."

"ಚಾ ಒಯ್ಯತೈತಂತ! ಕೇಳ್ರಿ ಎಲ್ಲಾರೂ! ಈ ತೊಟ್ಟಿಲು ನನ್ನ ಕೈಗೆ ಚಾ ತಂದು ಕೊಡೂತನಕ ನಾ ಚಾ ಮುಟ್ಟಿದ್ರ ಈ ಮೀಸಿ ಬೋಳಿಸ್ತೀನಿ!"

ದಿಕ್ಕುಗಳು ನಡುಗಿದವು. ತಿರುಗುತ್ತಿದ್ದ ಲೇತು ಗಕ್ಕನೆ ನಿಂತಿತು. ಕರೆಂಟು ಹೋಗಿತ್ತು.

ಗುರುವಾರ ಮಹಾವೀರನ ತಲೆ ಸಿಡಿಯಿತು. ಶುಕ್ರವಾರ ಮುಂಜಾನೆ ಕಣ್ಣು ಕತ್ತಲಿಟ್ಟಾಗ, ವೈರಿಯ ಯಂತ್ರ ಗೆಲ್ಲದ ಹೊರತು ತನಗೆ ಚಹಾ ಇಲ್ಲವೆಂಬ ಘೋರಸತ್ಯ ಹೊಳೆಯಿತು. ಹೊಳೆದದ್ದೇ ತಡ, ಅದೇ ಕಂಬಗಳ ಮುಂದೆ ಮಂಡಿಯೂರಿ ರಾಟೆಗಳಿಗೆ ಗ್ರೀಸು ಬಳಿದನು, ಗಾಲಿಗಳಿಗೆ ತಾನೇ ಬ್ರೇಕು ಮಾಡಿ ಕೂಡಿಸಿದನು, ಮೂಲೆಯ ಚಹಾ ಒಲೆಯಿಂದ ತನ್ನ ಸ್ಟೂಲಿನವರೆಗಿನ ಜಾಗವೆಲ್ಲ ನಡುವೆ ಬರುವಂತೆ ಕಂಬಗಳನ್ನು ದೂಡಿ ನಿಲ್ಲಿಸಿದನು. ಟೇಪು ಹಿಡಿದು ಅಂತರಗಳನ್ನು ಶಂಖನಾದದಂತೆ ಕೂಗಿದನು. ತಬಸ್ಸುಮ್ ಬರೆದುಕೊಂಡರು.

ಚಹಾ ಮಾಡುವ ದ್ಯಾಮವ್ವ ತಟ್ಟೆಯಲ್ಲಿ ಗ್ಲಾಸಿಟ್ಟಳು. ಮೋಟಾರುಗಳು ಮೊರೆದವು. ಎರಡು ಹಗ್ಗ ಹೆದೆಯಂತೆ ಬಿಗಿದವು, ಒಂದು ಸೋತ ಲಾಡಿಯಂತೆ ಜೋತಿತು, ತಟ್ಟೆ ವಾಲಿತು. ಚಹಾವನ್ನು ನೆಲ ಕುಡಿಯಿತು.

"ನಿಮ್ಮ ಗಣಿತಕ್ಕಿಷ್ಟು ಬೆಂಕಿ ಹಚ್ರಿ!"

"ನನ್ನ ಗಣಿತ ಸರೀನೇ ಐತಿ! ನಿಮ್ಮ ಕಂಬಾನ ಸೊಟ್ಟ!"

"ನಾ ನಿಲ್ಲಿಸಿದ ಕಂಬ ಭೂಕಂಪಕ್ಕೂ ಸೊಟ್ಟ ಆಗಂಗಿಲ್ಲ!"

ಸುತ್ತಿಗೆಯೂ ಲ್ಯಾಪ್‌ಟಾಪೂ ಏಕಕಾಲದಲ್ಲಿ ಮೇಲೆದ್ದವು. ನೆಲ ಒರೆಸುತ್ತಿದ್ದ ದ್ಯಾಮವ್ವ ತಲೆ ಎತ್ತದೆ ಕೇಳಿದಳು: "ಆ ಟೇಪಿನ ಮೂಗು ಮುರದೈತಲ್ಲ, ಹತ್ತು ಕಳದೀರಿಲ್ಲೋ?"

ಮೂರು ವರ್ಷದ ಹಿಂದೆ ಆ ಟೇಪಿನ ತುದಿ ತುಂಡಾಗಿತ್ತು. ಅಂದಿನಿಂದ ಅಲ್ಲಿನ ಧರ್ಮವೇ ಹಾಗೆ: ಹತ್ತು ಸೆಂಟಿಮೀಟರಿನ ಗೆರೆಯಿಂದ ಅಳೆಯುವುದು, ಕಡೆಗೆ ಹತ್ತು ಕಳೆಯುವುದು. ಹೊಸ ಟೇಪು ತರುವ ಬುದ್ಧಿ ಒಬ್ಬನಿಗೂ ಇಲ್ಲ!

"ಕಳದಽ ಕೂಗೀನಿ," ಎಂದನು ಮೌನೇಶಪ್ಪ.

"ನಾನೂ ಕಳದಽ ಬರದೀನಿ," ಎಂದರು ತಬಸ್ಸುಮ್.

ಸುತ್ತಿಗೆ ಇಳಿಯಿತು. ಲ್ಯಾಪ್‌ಟಾಪೂ ಇಳಿಯಿತು. ಎರಡನೆಯ ಸಲ ಕಳೆದ ಹತ್ತನ್ನು ತಬಸ್ಸುಮ್ ಸದ್ದಿಲ್ಲದೆ ಮತ್ತೆ ಕೂಡಿಸಿದರು.

ಆಗ, ಓ ಕೇಳುಗರೇ, ಎರಡನೆಯ ಗ್ಲಾಸನ್ನು ಹೊತ್ತ ತಟ್ಟೆಯು ಗರುಡಗಮನದಿಂದ ಮೇಲೆದ್ದು, ಲೇತನ್ನು ದಾಟಿ, ಡ್ರಿಲ್ಲನ್ನು ದಾಟಿ, ಉಸಿರು ಬಿಗಿಹಿಡಿದ ಇಡೀ ವರ್ಕ್‌ಶಾಪಿನ ತಲೆಯ ಮೇಲೆ ಒಂದು ಹನಿಯೂ ತುಳುಕದೆ ತೇಲಿ, ಮೌನೇಶಪ್ಪನ ಮೀಸೆಯ ಮುಂದೆ ಬಂದು ನಿಂತಿತು! ಚಪ್ಪಾಳೆ! ಸಿಳ್ಳೆ! ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ತೇವಗೊಂಡ ಕಣ್ಣುಗಳನ್ನು ಮುಚ್ಚಿ, ವೀರನು ಒಂದು ಗುಟುಕು ಹೀರಿದನು.

"ಸಕ್ಕರಿ?"

"ಪ್ರಿನ್ಸಿಪಾಲರಿಗೆ ಶುಗರ್ ಬಂದಾಗಿಂದ ನಾ ಚಾದಾಗ ಎಲ್ಲಿ ಹಾಕ್ತೀನಿ?" ಎಂದಳು ದ್ಯಾಮವ್ವ. "ಡಬ್ಬಿ ಕಿಟಕ್ಯಾಗ ಐತಿ, ತಮತಮಗ ಬೇಕಾದಷ್ಟು ಹಾಕ್ಕೋತಾರ."

ಎಲ್ಲರೂ ಕಿಟಕಿಯತ್ತ ನೋಡಿದರು. ಅದು ನಾಲ್ಕೂ ಕಂಬಗಳಿಂದ ಆಚೆಗಿತ್ತು.

"ಅದಕ್ಕೇನಣ್ಣಾ," ತಬಸ್ಸುಮ್ ಉತ್ಸಾಹದಿಂದ ಎದ್ದರು. "ಕಂಬ ಆ ಕಡೆ ದೂಡೋಣ. ಟೇಪು ಹಿಡೀರಿ."

ಮೌನೇಶಪ್ಪ ಟೇಪನ್ನು ನೋಡಿದನು. ಗ್ಲಾಸನ್ನು ನೋಡಿದನು. ಆಮೇಲೆ ಎದ್ದು, ಆರು ಹೆಜ್ಜೆ ನಡೆದು, ಮೂರು ಚಮಚ ಸಕ್ಕರೆ ಹಾಕಿಕೊಂಡನು.