ಪ್ರದರ್ಶನಕ್ಕೆ ಹೋದ ಬಸ್ಸು

ಆ ಬೆಳಿಗ್ಗೆ ಬಸ್ಸು ಬರಲಿಲ್ಲ. ಮೊದಲಿಗೆ ನಡೆದದ್ದು ಅಷ್ಟೇ.

ಸಾರಿಗೆ ಕಚೇರಿಯ ಗುಮಾಸ್ತ, ಬಡಾವಣೆಯವರ ಬಾಯಲ್ಲಿ ಬಸ್ಸಪ್ಪ, ಹೆಂಡತಿಯ ತೋಳು ಹಿಡಿದುಕೊಂಡು ನಿಲ್ದಾಣದಲ್ಲಿ ನಿಂತಿದ್ದ. ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ಕೊಳ್ಳದ ಮನುಷ್ಯ. ಬಸ್ಸಿನ ಹಿಡಿಕೆಗೆ ಜೋತುಬಿದ್ದು ಅವನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹೆಂಡತಿಗೆ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ಬೆಳಗಿನ ಬಸ್ಸು ಅವಳನ್ನು ಆಸ್ಪತ್ರೆಯ ಬಾಗಿಲಲ್ಲೇ ಇಳಿಸುತ್ತಿತ್ತು. ಮಧ್ಯಾಹ್ನದ ಬಸ್ಸನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದರು. ಚಿಕಿತ್ಸೆ ಮುಗಿಸಿ ಹಿಂಡಿದ ಬಟ್ಟೆಯಂತಾದ ಆ ಜೀವ ಸಂಜೆಯ ಬಸ್ಸಿನ ತನಕ ಬೆಂಚಿನ ಮೇಲೆ ಕುಳಿತಿರಬೇಕಿತ್ತು.

ಇವತ್ತು ಅದಕ್ಕೊಂದು ದಾರಿಯಾಗುವುದಿತ್ತು. ಲೋಕದ ದೇಶಗಳೆಲ್ಲ ಒಂದೆಡೆ ಸೇರಿ, ಭೂಮಿ ಬಿಸಿಯೇರುತ್ತಿದೆ, ನಮ್ಮ ನಮ್ಮ ಊರಿನ ಹೊಗೆ ಇಳಿಸುತ್ತೇವೆ, ಜನರನ್ನು ಕಾರಿನಿಂದ ಬಸ್ಸಿಗೆ ಹತ್ತಿಸುತ್ತೇವೆ ಎಂದು ಸಹಿ ಹಾಕಿದ್ದವು. ಆ ಮಾತಿನಂತೆ ಈ ಊರು ನಡೆದಿದೆಯೇ ಎಂದು ನೋಡಲು ಹೊರದೇಶದ ತಂಡ ಬರುವ ದಿನ.

"ಬಂದವರು ಖುಷಿಯಾಗಿ ಹೋಗ್ಲಿ" ಎಂದಿದ್ದರು ಕಚೇರಿಯ ನಿರ್ದೇಶಕರು, ಹಿಂದಿನ ದಿನ. "ನಾಳೆ ಸಂಜೆ ನನ್ನ ರೂಮಿಗೆ ಬನ್ನಿ, ನಿಮ್ಮ ಮಧ್ಯಾಹ್ನದ ಬಸ್ಸಿನ ವಿಷಯ ಮುಗಿಸಿಬಿಡೋಣ. ಆದ್ರೆ ನಾಳೆ ಒಬ್ಬರೂ ಕಾರಲ್ಲಿ ಬರಕೂಡದು. ಬಂದವರ ಗತಿ ದೇವರಿಗೇ ಗೊತ್ತು."

ಕೊನೆಯ ಮಾತು ತನಗಲ್ಲವೆಂದು ಬಸ್ಸಪ್ಪ ಒಳಗೊಳಗೇ ನಕ್ಕಿದ್ದ.

ಈಗ ನಗು ಎಲ್ಲೋ ಹೋಗಿತ್ತು. ಬಿಸಿಲು ಏರಿತು. ಹೆಂಡತಿ ನಿಲ್ದಾಣದ ಕಟ್ಟೆಯ ಮೇಲೆ ಕುಸಿದು ಕುಳಿತಳು. ಅಷ್ಟರಲ್ಲಿ ಎದುರು ಮನೆಯ ಗೇಟು ಕಿರುಗುಟ್ಟಿ, ಬಡಾವಣೆಯವರೆಲ್ಲ ಕಾರು ಮಾವ ಎನ್ನುವ ಹಿರಿಯರು ಹೊರಗೆ ಬಂದರು. ಅವರ ಕಾರಿಗೆ ಅವರಷ್ಟೇ ವಯಸ್ಸು. ದಿನಾ ತೊಳೆಯುವರು, ಓಡಿಸುವುದು ಅಪರೂಪ.

"ಏನಪ್ಪಾ, ಹೆಂಡ್ತೀನ ಬಿಸಿಲಲ್ಲಿ ಒಣಗೋಕೆ ಹಾಕಿದೀಯಾ? ಹತ್ತಿ ಇಬ್ಬರೂ."

"ಬೇಡ ಮಾವ, ಇವತ್ತು ಕಾರು ಹತ್ತೋ ಹಾಗಿಲ್ಲ."

"ರೀ," ಎಂದಳು ಹೆಂಡತಿ ಮೆಲ್ಲಗೆ, "ಹೊತ್ತು ಮೀರಿದ್ರೆ ಮಶೀನು ಬೇರೆಯವರಿಗೆ ಕೊಟ್ಟುಬಿಡ್ತಾರೆ."

ಅವನು ಅವಳನ್ನು ಹತ್ತಿಸಿ ತಾನೂ ಹತ್ತಿದ. ಅದೇ ಬಸ್ಸಿಗೆ ಕಾದಿದ್ದ ಟೈಲರ್ ಅಕ್ಕ ಬಟ್ಟೆಯ ಗಂಟಿನೊಡನೆ, ಡ್ರಿಲ್ ಮೇಷ್ಟ್ರು ಸೀಟಿಯೊಡನೆ ಹಿಂದಿನ ಸೀಟಿಗೆ ನುಗ್ಗಿದರು. ಕಾರು ಕೆಮ್ಮಿ, ಬೀದಿ ಕಾಣದಷ್ಟು ಕರಿಹೊಗೆ ಬಿಟ್ಟು ಹೊರಟಿತು.

ಹೆಂಡತಿಯನ್ನು ಆಸ್ಪತ್ರೆಯ ಇಳಿಜಾರಿನಲ್ಲಿ ಇಳಿಸಿದ್ದಾಯಿತು. ಕಚೇರಿಯ ತಿರುವು ಬಂದಾಗ ಬಸ್ಸಪ್ಪ ಬಾಗಿಲಿಗೆ ಕೈ ಹಾಕಿದ.

"ಇಲ್ಲೇ ನಿಲ್ಸಿ ಮಾವ, ನಡ್ಕೊಂಡು ಹೋಗ್ತೀನಿ."

"ಆಗಲ್ಲ. ಸಮ ನೆಲದಲ್ಲಿ ನಿಲ್ಸಿದ್ರೆ ಇದು ಮತ್ತೆ ಹೊರಡಲ್ಲ. ಇಳಿಜಾರು ಬೇಕು ಇದಕ್ಕೆ."

"ಹಾಗಾದ್ರೆ ಎಲ್ಲಿ ನಿಲ್ಲಿಸ್ತೀರಿ?"

"ನಿಮ್ಮ ಆಫೀಸಿನ ಮುಂಬಾಗಿಲ ಹತ್ರ ಚೆನ್ನಾದ ಇಳಿಜಾರಿದೆಯಲ್ಲಪ್ಪ!"

ಆ ಇಳಿಜಾರಿನಲ್ಲೇ ಹೊರದೇಶದ ತಂಡ ನಿಂತಿತ್ತು. ಅವರ ಪಕ್ಕದಲ್ಲಿ ತೊಳೆದು ಒರೆಸಿ ಹಸಿರು ರಿಬ್ಬನ್ ಕಟ್ಟಿದ ಒಂದು ಬಸ್ಸು. ಬಸ್ಸಪ್ಪನಿಗೆ ಗುರುತು ಹತ್ತಿತು. ಬೆಳಿಗ್ಗೆ ಬಾರದಿದ್ದ ಅವನದೇ ಬಸ್ಸು. ಒಳಗೆ ಕಿಟಕಿ ಕಿಟಕಿಗೂ ಕಚೇರಿಯವರು ಪ್ರಯಾಣಿಕರಾಗಿ ಕುಳಿತು ಕೈಬೀಸುತ್ತಿದ್ದರು. ಅವರ ಕಾರುಗಳೆಲ್ಲ ಹಿಂದಿನ ಓಣಿಯಲ್ಲಿ ಟಾರ್ಪಾಲು ಹೊದ್ದು ಮಲಗಿದ್ದವು. ನಿಂತ ಬಸ್ಸು ಹೊಗೆ ಬಿಡುವುದಿಲ್ಲ. ಅಷ್ಟರ ಮಟ್ಟಿಗೆ ಊರು ಲೋಕಕ್ಕೆ ಕೊಟ್ಟ ಮಾತು ಉಳಿಸಿಕೊಂಡಿತ್ತು.

ಕಾರು ಮಾವ ತಂಡದ ಕಾಲಬುಡಕ್ಕೇ ತಂದು ನಿಲ್ಲಿಸಿದರು. ಹೊಗೆ ತಿಳಿಯಾದಾಗ ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಂತಿತ್ತು.

"ಯಾರಿವರು?" ಎಂದು ತಂಡದ ಹಿರಿಯ ಹೆಂಗಸು ದುಭಾಷಿಯ ಮೂಲಕ ಕೇಳಿದರು.

ಕಾರಿನಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದವರನ್ನು ನೋಡಿ ನಿರ್ದೇಶಕರಿಗೆ ಜೀವ ಬಂತು. "ಇದೂ ನಮ್ಮ ಯೋಜನೆಯೇ ಮೇಡಂ! ಒಬ್ಬೊಬ್ಬರಿಗೆ ಒಂದೊಂದು ಕಾರು ಯಾಕೆ? ನಾಲ್ಕು ಜನಕ್ಕೆ ಒಂದೇ ಕಾರು."

"ಐದು ಜನ ಇದ್ವಿ. ದಾರೀಲಿ ಒಬ್ಬ ರೋಗೀನ ಆಸ್ಪತ್ರೆಗೆ ಬಿಟ್ಟು ಬಂದ್ವಿ" ಎಂದು ಟೈಲರ್ ಅಕ್ಕ ಲೆಕ್ಕ ಸರಿಮಾಡಿದಳು.

ಹಿರಿಯ ಹೆಂಗಸಿನ ಕಣ್ಣು ತುಂಬಿತು. ಎಷ್ಟೋ ದೇಶ ಸುತ್ತಿದರೂ ಇಂಥದ್ದು ಕಂಡಿಲ್ಲ ಎಂದರು. ಬಸ್ಸಪ್ಪ ಬಾಯಿ ತೆರೆದ. "ಅದು ಹಾಗಲ್ಲಮ್ಮ, ನಮ್ಮ ಬಸ್ಸು..."

ನಿರ್ದೇಶಕರ ಕೈ ಅವನ ಹೆಗಲ ಮೇಲೆ ಬಿತ್ತು. "ಮಧ್ಯಾಹ್ನದ ಬಸ್ಸು ಬೇಕೋ ಬೇಡವೋ?" ಎಂದರು, ಅವನಿಗಷ್ಟೇ ಕೇಳುವಂತೆ.

ಬೆಂಚಿನ ಮೇಲೆ ಕಾಯುವ ಮುಖವೊಂದು ಅವನ ಕಣ್ಣ ಮುಂದೆ ಬಂತು.

"ಓಡಾಡೋದಕ್ಕೆ ತೊಂದರೆ ಏನಾದರೂ ಇದೆಯೇ ಎಂದು ಕೇಳ್ತಿದಾರೆ" ಎಂದ ದುಭಾಷಿ.

"ಏನೂ ಇಲ್ಲ" ಎಂದ ಬಸ್ಸಪ್ಪ. "ಅಕ್ಕಪಕ್ಕದವರು ಒಳ್ಳೆಯವರು."

ಅಂಥ ಸುಳ್ಳು ಅವನು ಹಿಂದೆಂದೂ ಹೇಳಿರಲಿಲ್ಲ. ಅದರಲ್ಲಿ ಅರ್ಧ ನಿಜವಿದ್ದದ್ದರಿಂದ ಇನ್ನಷ್ಟು ಚುಚ್ಚಿತು.

ಸಂಜೆ ಅವನು ನಿರ್ದೇಶಕರ ಕೋಣೆಗೆ ಹೋದಾಗ ಅವರು ಎದ್ದು ಬಂದು ಕೈ ಕುಲುಕಿದರು.

"ಊರಿನ ಮಾನ ಉಳಿಸಿದ್ರಿ ಕಣ್ರೀ! ತಂಡ ಒಪ್ಪಿತು. ಹೊಸ ಬಸ್ಸುಗಳು ಬರ್ತವೆ."

"ಸಾರ್, ನಮ್ಮ ಮಧ್ಯಾಹ್ನದ..."

"ಅದನ್ನೇ ಹೇಳ್ಬೇಕು ಅಂತಿದ್ದೆ. ನಿಮ್ಮ ಬಡಾವಣೆ ಈಗ ಮಾದರಿ ಬಡಾವಣೆ. ಹೀಗೆ ಹೊಂದಿಕೊಂಡು ಹೋಗೋ ಜನಕ್ಕೆ ಬಸ್ಸು ಯಾಕೆ, ಒಬ್ಬರಿಗೊಬ್ಬರು ಆಗದ ಕಡೆ ಓಡ್ಲಿ ಅಂತ ತಂಡದ ಆ ತಾಯೀನೇ ಬರೆದುಹೋದ್ರು. ಇವತ್ತಿನಿಂದ್ಲೇ ಸಂಜೆ ಬಸ್ಸಿಲ್ಲ, ನಾಳೆಯಿಂದ ಬೆಳಗಿನದೂ ಇಲ್ಲ."

ಬಸ್ಸಪ್ಪ ಮೆಟ್ಟಿಲಿಳಿದು ಬಂದ. ಅಂಗಳದಲ್ಲಿ ಕಾರು ಮಾವ ಎದೆಯುಬ್ಬಿಸಿ ನಿಂತಿದ್ದರು. ಅವರ ಕಾರಿಗೂ ರಿಬ್ಬನ್ ಬಿದ್ದಿತ್ತು. "ನಾಳೆಯಿಂದ ಇಲ್ಲಿ ಹಸಿರು ಮೇಳವಂತೆ, ಅದು ಮುಗಿಯೋವರೆಗೂ ಇದು ಇಲ್ಲೇ ಇರ್ಬೇಕಂತೆ ಕಣಪ್ಪ. ದೊಡ್ಡ ದೊಡ್ಡವರು ನೋಡೋಕೆ ಬರ್ತಾರಂತೆ!"

ಆಸ್ಪತ್ರೆಯಲ್ಲಿ ಹೆಂಡತಿ ಸೆರಗು ಹೊದ್ದು ಬೆಂಚಿನ ತುದಿಯಲ್ಲಿ ಕುಳಿತಿದ್ದಳು.

"ಏನಂದ್ರು ರೀ?"

"ನಮ್ಮ ಬಡಾವಣೆ ಲೋಕಕ್ಕೇ ಮಾದರಿಯಂತೆ" ಎಂದು ಅವನು ಎಲ್ಲವನ್ನೂ ಹೇಳಿದ.

ಅವಳು ರಸ್ತೆಯತ್ತ ತಿರುಗಿದಳು. "ಈ ಮಾದರಿಯವರು ಮನೆಗೆ ಹೇಗೆ ಹೋಗ್ತಾರೆ ಅಂತ ಯಾರೂ ಕೇಳಲಿಲ್ವಾ?"

"ಕೇಳಲಿಲ್ಲ" ಎಂದು ಅವನು ತೋಳು ಚಾಚಿದ. ಅವಳು ಅದನ್ನು ಹಿಡಿದು ಎದ್ದಳು. ಹೊಗೆಯಿಲ್ಲದೆ, ಸದ್ದಿಲ್ಲದೆ, ದೀಪದ ಕಂಬದಿಂದ ಕಂಬಕ್ಕೆ ನಿಂತು ನಿಂತು ಇಬ್ಬರೂ ನಡೆದರು.